ಮತ್ತೆಂದೂ ಸಿಗದ ಜೊತೆಗಾರ

ಐದು ಜನ ಕೂಡಿದರೆ ಮಾತ್ರ ಗೆಲ್ಲಬಹುದಾದ ಆಟದಲ್ಲಿ ಆ ಐದು ಜನರನ್ನು ಕೂಡಿಸುವುದೇ ಒಂದು ಆಟ. 2004ರ ನವೆಂಬರಿನಲ್ಲಿ ಬ್ಲಿಝಾರ್ಡ್ ಕಂಪನಿ ಹೊರತಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಲ್ಲಿ ಮೊದಲ ಐದು ವರ್ಷ ನಡೆದದ್ದು ಹೀಗೆ: ಆಟದೊಳಗಿನ ನಗರದ ಚಾಟ್‌ನಲ್ಲಿ ‘ಹೀಲರ್ ಬೇಕು’, ‘ಟ್ಯಾಂಕ್ ಇದ್ದರೆ ಬನ್ನಿ’ ಎಂದು ಕೂಗುತ್ತ ಕೂರಬೇಕು. ಶತ್ರುವಿನ ಏಟನ್ನೆಲ್ಲ ಮೈಮೇಲೆ ಹಾಕಿಕೊಳ್ಳುವ ಟ್ಯಾಂಕ್ ಒಬ್ಬ, ಗಾಯ ಮಾಯಿಸುವ ಹೀಲರ್ ಒಬ್ಬ, ಹೊಡೆಯುವವರು ಮೂವರು ಸಿಕ್ಕ ಮೇಲೆ ನಕಾಶೆಯ ಇನ್ನೊಂದು ಮೂಲೆಯಲ್ಲಿರುವ ಗುಹೆಯವರೆಗೆ ಪಯಣ ಹೊರಡಬೇಕು. ಇದಕ್ಕೇ ಗಂಟೆಗಟ್ಟಲೆ ಹಿಡಿಯುತ್ತಿದ್ದದ್ದೂ ಉಂಟು. ಇಷ್ಟೆಲ್ಲ ಕಿರಿಕಿರಿಯ ನಡುವೆ ಒಂದು ಅನುಕೂಲವಿತ್ತು. ಒಂದು ಸರ್ವರ್‌ನವರು ಗುಹೆಗಿಳಿಯಲು ಅದೇ ಸರ್ವರ್‌ನವರನ್ನೇ ನೆಚ್ಚಬೇಕಾಗಿದ್ದರಿಂದ ಹೆಸರಿಗೆ ಬೆಲೆಯಿತ್ತು. ಹೀಲರ್‌ನ ಶಕ್ತಿ ತುಂಬುವವರೆಗೂ ಕಾಯದೆ ಮುಂದಿನ ದೈತ್ಯನ ಮೇಲೆ ಬೀಳುವ ಅವಸರಗೇಡಿ, ತನಗೆ ಉಪಯೋಗಕ್ಕೆ ಬಾರದ ಕತ್ತಿಗೂ ‘ಬೇಕು’ ಎಂಬ ಗುಂಡಿ ಒತ್ತಿ ಲೂಟ್ ಹೊಡೆಯುವವನು, ಸೋಲುವ ಹೊತ್ತಿಗೆ ಮಾಯವಾಗುವವನು, ಎಲ್ಲರ ಹೆಸರೂ ಬಾಯಿಂದ ಬಾಯಿಗೆ ಹರಡುತ್ತಿತ್ತು. ಒಮ್ಮೆ ಲೂಟ್ ಕದಿಯುವ ‘ನಿಂಜಾ’ ಎಂಬ ಬಿರುದು ಅಂಟಿತೆಂದರೆ ಮುಂದಿನ ತಂಡ ಸಿಗುವುದು ಕಷ್ಟ.

2009ರ ಡಿಸೆಂಬರಿನಲ್ಲಿ ಕಂಪನಿ ‘ಡಂಜನ್ ಫೈಂಡರ್’ ಎಂಬ ಸೌಲಭ್ಯ ಕೊಟ್ಟಿತು. ಗುಂಡಿ ಒತ್ತಿದರೆ ಸಾಕು, ಬೇರೆ ಬೇರೆ ಸರ್ವರ್‌ಗಳಿಂದ ಐವರನ್ನು ಆಯ್ದು ನೇರ ಗುಹೆಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಆಟ ಮುಗಿದ ಕೂಡಲೇ ಎಲ್ಲರೂ ಚದುರುತ್ತಾರೆ. ಬಿಡುವಿಲ್ಲದವರಿಗೆ ಇದು ವರವಾಯಿತು. ಅದರ ಜೊತೆಗೇ ಮಾತಿಲ್ಲದ, ತಾಳ್ಮೆಯಿಲ್ಲದ, ತಪ್ಪಾದರೆ ಬೈದು ಹೊರಟುಬಿಡುವ ತಂಡಗಳೂ ಮಾಮೂಲಾದವು ಎಂಬ ದೂರು ಅಂದಿನಿಂದ ಇಂದಿನವರೆಗೂ ನಿಂತಿಲ್ಲ. ರಾಜಕೀಯ ವಿಜ್ಞಾನಿ ರಾಬರ್ಟ್ ಆಕ್ಸೆಲ್‌ರಾಡ್ 1980ರ ಸುಮಾರಿಗೆ ನಡೆಸಿದ ಕಂಪ್ಯೂಟರ್ ಪಂದ್ಯಾವಳಿಗಳನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಇಬ್ಬರು ಮತ್ತೆ ಮತ್ತೆ ಎದುರಾಗುವ ಆಟದಲ್ಲಿ ಯಾವ ತಂತ್ರ ಗೆಲ್ಲುತ್ತದೆಂದು ಅವರು ತಜ್ಞರಿಂದ ಪ್ರೋಗ್ರಾಂಗಳನ್ನು ಆಹ್ವಾನಿಸಿದ್ದರು. ಗೆದ್ದದ್ದು ಅನಾತೊಲ್ ರಾಪೊಪೋರ್ಟ್ ಕಳಿಸಿದ ಅತಿ ಸರಳ ತಂತ್ರ: ಮೊದಲು ಸಹಕರಿಸು, ಆಮೇಲೆ ಎದುರಿನವನು ಹಿಂದಿನ ಸಲ ಮಾಡಿದ್ದನ್ನೇ ಮಾಡು. ಎರಡನೇ ಸುತ್ತಿಗೆ 62 ತಂತ್ರಗಳು ಬಂದಾಗಲೂ ಅದೇ ಗೆದ್ದಿತು. ಆದರೆ ಆ ತಂತ್ರ ಗೆಲ್ಲಲು ಒಂದು ಷರತ್ತಿದೆ: ಇಬ್ಬರೂ ಮತ್ತೆ ಭೇಟಿಯಾಗುವ ಸಾಧ್ಯತೆ ಸಾಕಷ್ಟಿರಬೇಕು. ವಾರದ ಸಂತೆಯಲ್ಲಿ ಪ್ರತಿ ವಾರ ಸಿಗುವ ವ್ಯಾಪಾರಿ ಕೊಳೆತ ಟೊಮೆಟೊವನ್ನು ಚೀಲದ ತಳಕ್ಕೆ ಹಾಕುವ ಮುಂಚೆ ಯೋಚಿಸುತ್ತಾನೆ. ಬಸ್ ಹೊರಡುವ ಹೊತ್ತಿಗೆ ಕಿಟಕಿಯಲ್ಲಿ ಮಾರುವವನಿಗೆ ಆ ಚಿಂತೆಯಿಲ್ಲ. ಡಂಜನ್ ಫೈಂಡರ್ ಸಂತೆಯನ್ನು ಬಸ್ ನಿಲ್ದಾಣ ಮಾಡಿತು.

ಹಾಗಾದರೆ ಹಳೆಯ ಪದ್ಧತಿಗೆ ಮರಳಿದರಾಯಿತಲ್ಲ ಎನ್ನಬಹುದು. ಕಂಪನಿ ಅದನ್ನೂ ಮಾಡಿ ನೋಡಿತು. ಇದೇ ಆಟದ ಹಳೆಯ ಆವೃತ್ತಿಯನ್ನು 2022ರಲ್ಲಿ ಮತ್ತೆ ತೆರೆದಾಗ ಆಟಗಾರರ ಒಡನಾಟ ಉಳಿಯಲೆಂದು ಈ ಸೌಲಭ್ಯವನ್ನು ಬೇಕೆಂದೇ ಬಿಟ್ಟಿತ್ತು, ಮರುವರ್ಷ ಸೇರಿಸಬೇಕಾಯಿತು. ಅಪರಿಚಿತರೊಡನೆ ಆಡುವುದು ಇಂದಿನ ಆಟಗಳ ಸಹಜ ಸ್ಥಿತಿ. ಹೆಸರು ಕೆಡುವ ಭಯವಿಲ್ಲದ ಕಡೆ ಸಭ್ಯತೆಗೆ ಉಳಿದಿರುವ ಆಧಾರವೇನು ಎಂಬುದನ್ನೇ ಈಗ ಕೇಳಬೇಕು. ಸಾಮಾನ್ಯವಾಗಿ ಕೊಡುವ ಉತ್ತರ ನೀತಿಯದು: ಪರದೆಯ ಆಚೆಗಿರುವವನೂ ಮನುಷ್ಯನೇ, ಒಳ್ಳೆಯವರಾಗಿರಿ. ಆ ಮಾತು ಸರಿಯೇ, ಆದರೆ ರ‍್ಯಾಂಕ್ ಏರುವ ಹಟದಲ್ಲಿರುವವನ ಕಿವಿಗೆ ಅದು ಬೀಳುವುದಿಲ್ಲ. ಇನ್ನೊಂದು ಉತ್ತರವಿದೆ, ಅದಕ್ಕೆ ಪುರಾವೆಯೂ ಗಟ್ಟಿಯಾಗಿದೆ. ಅಪರಿಚಿತರ ತಂಡದಲ್ಲಿ ಸಭ್ಯತೆಯೆಂಬುದು ಆಟದ ಕೌಶಲದ ಒಂದು ಭಾಗ. ಗುರಿ ಹಿಡಿಯುವ ಕೈಯಷ್ಟೇ ಅದೂ ಫಲಿತಾಂಶವನ್ನು ತಿರುಗಿಸುತ್ತದೆ, ಏಕೆಂದರೆ ತಂಡದೊಳಗೆ ಮಾಹಿತಿ ಹರಿಯುವುದು ಅದರ ಮೂಲಕವೇ.

ಇದಕ್ಕೆ ಅತ್ಯುತ್ತಮ ಪುರಾವೆ ಸಿಕ್ಕಿರುವುದು ಆಟದ ಲೋಕದಿಂದ ಬಲು ದೂರದಲ್ಲಿ. ಇಸ್ರೇಲಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳ ವೈದ್ಯರು ಮತ್ತು ದಾದಿಯರ 24 ತಂಡಗಳ ಮೇಲೆ ಆರೀ ರಿಸ್ಕಿನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 2015ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರತಿ ತಂಡವೂ ತರಬೇತಿಗಾಗಿ ರೂಪಿಸಿದ ಕೃತಕ ಸನ್ನಿವೇಶದಲ್ಲಿ, ಅವಧಿಗೆ ಮುನ್ನ ಹುಟ್ಟಿ ಕರುಳಿನ ಕಾಯಿಲೆಯಿಂದ ಹದಗೆಡುತ್ತಿರುವ ಮಗುವನ್ನು ಉಳಿಸಬೇಕಿತ್ತು. ಗಮನಿಸುತ್ತಿದ್ದ ವಿದೇಶಿ ತಜ್ಞರೊಬ್ಬರು ಕೆಲವು ತಂಡಗಳ ಮುಂದೆ ಅಲ್ಲಿನ ವೈದ್ಯಕೀಯದ ಗುಣಮಟ್ಟದ ಬಗ್ಗೆ ಕೊಂಕು ಮಾತಾಡಿದರು. ಉಳಿದ ತಂಡಗಳ ಮುಂದೆ ತಟಸ್ಥವಾಗಿ ಮಾತಾಡಿದರು. ಕೊಂಕು ಕೇಳಿದ ತಂಡಗಳು ಕಾಯಿಲೆ ಗುರುತಿಸುವುದರಲ್ಲೂ ಚಿಕಿತ್ಸೆಯ ಕೈಕೆಲಸದಲ್ಲೂ ಹಿಂದೆ ಬಿದ್ದವು. ಏಕೆಂದು ನೋಡಿದಾಗ ಕಂಡದ್ದು ಎರಡು ಕೊರತೆ: ತಂಡದವರು ತಮಗೆ ತಿಳಿದದ್ದನ್ನು ಒಬ್ಬರಿಗೊಬ್ಬರು ಹೇಳುವುದು ಕಡಿಮೆಯಾಗಿತ್ತು, ಸಹಾಯ ಕೇಳುವುದೂ ಕಡಿಮೆಯಾಗಿತ್ತು. ಯಾರೂ ಯಾರಿಗೂ ಬೈದಿರಲಿಲ್ಲ, ಯಾರ ತಪ್ಪನ್ನೂ ಎತ್ತಿ ಆಡಿರಲಿಲ್ಲ. ಹೊರಗಿನವನ ಒಂದು ಲಘು ಅವಮಾನವೇ ನುರಿತವರ ಬಾಯಿ ಕಟ್ಟಲು ಸಾಕಾಯಿತು. ಹದಿನೇಳರ ಹುಡುಗನೊಬ್ಬ ಮೈಕ್‌ನಲ್ಲಿ ತನ್ನ ತಂಡದ ಹೀಲರ್‌ನ ಮನೆಯವರನ್ನೆಲ್ಲ ಎಳೆದು ತಂದು ಬೈದಾಗ ಆ ಹೀಲರ್ ‘ನನ್ನ ಶಕ್ತಿ ಖಾಲಿಯಾಗಿದೆ, ಸ್ವಲ್ಪ ತಡೆಯಿರಿ’ ಎಂಬ ಮುಂದಿನ ಮಾಹಿತಿಯನ್ನು ಕೊಡುತ್ತಾನೆಯೇ ಎಂದು ಇದರ ಬೆಳಕಿನಲ್ಲಿ ಊಹಿಸಿಕೊಳ್ಳಬಹುದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಸೋಲುವಾಗ ಜನ ಬೈಯುತ್ತಾರೆ. ಬೈಗುಳವಿದ್ದ ಪಂದ್ಯಗಳಲ್ಲಿ ಸೋಲು ಹೆಚ್ಚು ಕಂಡರೆ ಸೋಲು ಕಾರಣ, ಬೈಗುಳ ಪರಿಣಾಮ ಇರಬಹುದಲ್ಲ? ಆಟಗಳ ದಾಖಲೆಗಳನ್ನಷ್ಟೇ ನೋಡಿದರೆ ಈ ಗಂಟು ಬಿಡಿಸುವುದು ಕಷ್ಟ ನಿಜ. ರಿಸ್ಕಿನ್ ಅವರ ಪ್ರಯೋಗಕ್ಕೆ ತೂಕ ಬರುವುದು ಇದೇ ಕಾರಣಕ್ಕೆ. ಅಲ್ಲಿ ಯಾವ ತಂಡಕ್ಕೆ ಕೊಂಕು, ಯಾವುದಕ್ಕೆ ಇಲ್ಲ ಎಂಬುದನ್ನು ಸಂಶೋಧಕರೇ ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಅವಮಾನ ಮೊದಲು ಬಂದಿತು, ಕುಸಿತ ಆಮೇಲೆ. ಇನ್ನೊಂದು ಆಕ್ಷೇಪ ಬಿಸಿರಕ್ತದವರದು: ಖಾರವಾಗಿ ಹೇಳದಿದ್ದರೆ ತಪ್ಪು ಮಾಡಿದವನು ತಿದ್ದಿಕೊಳ್ಳುವುದಾದರೂ ಹೇಗೆ? ತಿದ್ದಬೇಕು, ಅನುಮಾನವಿಲ್ಲ. ಆದರೆ ‘ಬಲಗಡೆಯ ಮನೆಯಲ್ಲಿ ಇಬ್ಬರಿದ್ದಾರೆ, ಒಬ್ಬನೇ ಹೋಗಬೇಡ’ ಎನ್ನುವ ಮಾತಿನಲ್ಲಿ ಜಾಗ, ಸಂಖ್ಯೆ, ಮುಂದೇನು ಮಾಡಬೇಕು ಎಂಬ ಮೂರು ಸಂಗತಿಗಳಿವೆ. ‘ನೂಬ್’, ಅಂದರೆ ಆಟ ಬಾರದವನು, ಎನ್ನುವ ಮಾತಿನಲ್ಲಿ ಮುಂದಿನ ಹತ್ತು ಸೆಕೆಂಡಿಗೆ ಉಪಯೋಗಕ್ಕೆ ಬರುವ ಯಾವುದೂ ಇಲ್ಲ. ಅದು ಕಳೆದುಹೋದ ಕ್ಷಣದ ಮೇಲಿನ ತೀರ್ಪು. ಪಂದ್ಯದ ನಡುವೆ ತೀರ್ಪು ಕೊಡುವುದಕ್ಕೆ ವ್ಯಯಿಸುವ ಗಮನ, ಅದನ್ನು ನುಂಗಿಕೊಳ್ಳುವುದಕ್ಕೆ ಇನ್ನೊಬ್ಬ ವ್ಯಯಿಸುವ ಗಮನ, ಎರಡೂ ತಂಡದ ಖಾತೆಯಿಂದಲೇ ಖರ್ಚಾಗುತ್ತವೆ.

ತೀರ್ಪು ಅಷ್ಟು ಬೇಗ ನಾಲಿಗೆಗೆ ಬರುವುದೇಕೆ? ಇನ್ನೊಬ್ಬರ ತಪ್ಪನ್ನು ಅವರ ಸ್ವಭಾವದಲ್ಲಿ, ನಮ್ಮ ತಪ್ಪನ್ನು ಸಂದರ್ಭದಲ್ಲಿ ಹುಡುಕುವ ಒಲವು ಮನುಷ್ಯರಲ್ಲಿದೆ. ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಇನ್ನೊಬ್ಬರನ್ನು ಅಳೆಯುವಾಗಿನ ಈ ವಾಲಿಕೆಗೆ ಹೆಸರಿಟ್ಟು ಚರ್ಚಿಸಿದರು. ನಾನು ಸತ್ತರೆ ನೆಟ್‌ವರ್ಕ್ ಕೈಕೊಟ್ಟಿತ್ತು. ಅವನು ಸತ್ತರೆ ಅವನಿಗೆ ಆಡಲು ಬರುವುದಿಲ್ಲ. ಪರದೆಯಲ್ಲಿ ಅವನ ಸಂದರ್ಭ ಕಾಣುವುದೇ ಇಲ್ಲವಾದ್ದರಿಂದ ಈ ವಾಲಿಕೆ ಇನ್ನೂ ಬಲಿಯುತ್ತದೆ. ‘ನನಗೆ ಯಾವಾಗಲೂ ಕೆಟ್ಟ ಟೀಮೇ ಸಿಗುತ್ತದೆ’ ಎಂಬ ಸಾರ್ವತ್ರಿಕ ಗೋಳು ಹುಟ್ಟುವುದು ಇಲ್ಲಿಯೇ. ಲೆಕ್ಕ ಹಾಕಿ ನೋಡಿದರೆ ಆ ಗೋಳು ನಿಲ್ಲುವುದಿಲ್ಲ. ಐವರ ವಿರುದ್ಧ ಐವರು ಆಡುವ ಪಂದ್ಯದಲ್ಲಿ ನನ್ನ ಕಡೆ ನಾನು ಬಿಟ್ಟರೆ ಅಪರಿಚಿತರು ನಾಲ್ವರು; ಎದುರು ಐವರು. ಆಟಗಾರರ ಮಟ್ಟ ಅಳೆದು ಜೋಡಿಸುವ ವ್ಯವಸ್ಥೆ ಎರಡೂ ತಂಡಗಳಿಗೆ ಒಂದೇ ರಾಶಿಯಿಂದ ಜನರನ್ನು ಹಂಚುತ್ತದೆ. ನಾನು ಅಷ್ಟೇನೂ ಕೆಟ್ಟ ಆಟಗಾರನಲ್ಲದಿದ್ದರೆ, ನೂರಾರು ಪಂದ್ಯಗಳಲ್ಲಿ ಎಡವಟ್ಟು ಆಟಗಾರ ಎದುರು ತಂಡದಲ್ಲಿರುವ ಸಂಭವವೇ ಐದಕ್ಕೆ ನಾಲ್ಕರಂತೆ ತುಸು ಹೆಚ್ಚು. ಆ ವ್ಯವಸ್ಥೆಯ ಗುರಿಯೇ ಸರಿಸಮಾನ ಪಂದ್ಯವಾದ್ದರಿಂದ ಹೆಚ್ಚುಕಡಿಮೆ ಅರ್ಧ ಪಂದ್ಯಗಳನ್ನು ಎಲ್ಲರೂ ಸೋಲಲೇಬೇಕು. ಸೋಲು ಬಂದಾಗಲೆಲ್ಲ ಅಪರಾಧಿಯನ್ನು ಹುಡುಕುವವನು ಅಂಕಗಣಿತದ ಮೇಲೆ ಸಿಟ್ಟಾಗುತ್ತಿರುತ್ತಾನೆ.

ಬೈಯುವವರು ಬೆರಳೆಣಿಕೆಯ ಕೆಟ್ಟವರು, ಅವರನ್ನು ಹೊರಹಾಕಿದರೆ ಮುಗಿಯಿತು ಎಂಬ ವಾದವನ್ನು ಬಹುಕಾಲ ಆಟದ ಕಂಪನಿಗಳೂ ನಂಬಿದ್ದವು. 2009ರಲ್ಲಿ ಬಿಡುಗಡೆಯಾದ ‘ಲೀಗ್ ಆಫ್ ಲೆಜೆಂಡ್ಸ್’ನ ಒಡೆಯ ರಯಟ್ ಗೇಮ್ಸ್, ನರವಿಜ್ಞಾನ ಓದಿದ ಜೆಫ್ರಿ ಲಿನ್ ಅವರನ್ನು ಮುಂದಿಟ್ಟುಕೊಂಡು ತನ್ನ ಅಪಾರ ದತ್ತಾಂಶವನ್ನು ಸೋಸಿತು. ಸದಾ ಕೆಟ್ಟದಾಗಿ ನಡೆದುಕೊಳ್ಳುವವರ ಪಾಲು ಒಟ್ಟು ದುರ್ವರ್ತನೆಯಲ್ಲಿ ಸುಮಾರು ಶೇಕಡ 13 ಮಾತ್ರ; ಉಳಿದ 87 ಬರುತ್ತಿದ್ದದ್ದು ಬಹುಪಾಲು ಸಮಯ ಸರಿಯಾಗಿಯೇ ಇರುವ ಸಾಮಾನ್ಯ ಆಟಗಾರರಿಂದ. ಯಾವುದೋ ಒಂದು ಸಂಜೆಯ ಸಿಡುಕು ಇನ್ನೊಬ್ಬನಿಗೆ ದಾಟಿ, ಅವನು ಅದನ್ನು ಮುಂದಿನ ಪಂದ್ಯಕ್ಕೆ ಒಯ್ಯುತ್ತಾನೆ. ಇದು ಕಂಪನಿಯೇ ಹೇಳಿದ ಲೆಕ್ಕ, ಹೊರಗಿನವರು ಪೂರ್ತಿ ತಾಳೆ ನೋಡಿದ್ದಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆದರೂ ಅದರ ಬೆನ್ನಿಗೆ ನಡೆದ ಪ್ರಯೋಗಗಳು ಕುತೂಹಲಕರ. ಪಂದ್ಯ ಲೋಡ್ ಆಗುವಾಗ 24 ಬಗೆಯ ಸಣ್ಣ ಸೂಚನೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸಿ ನೋಡಿದರು. ಒಂದಷ್ಟು ಪಂದ್ಯಗಳಲ್ಲಿ ಹೋಲಿಕೆಗಾಗಿ ಏನನ್ನೂ ತೋರಿಸಲಿಲ್ಲ. ತಪ್ಪು ಮಾಡಿದ ಜೊತೆಗಾರನನ್ನು ಕಾಡಿದರೆ ಅವನ ಆಟ ಇನ್ನೂ ಕೆಡುತ್ತದೆ ಎಂಬ ಸೂಚನೆಯನ್ನು ಕೆಂಪಕ್ಷರದಲ್ಲಿ ತೋರಿಸಿದಾಗ ಬಿರುನುಡಿ ಶೇಕಡ 6ರಷ್ಟು, ಅಶ್ಲೀಲ ಭಾಷೆ ಶೇಕಡ 11ರಷ್ಟು ಇಳಿಯಿತು. ಬಿಳಿ ಅಕ್ಷರದಲ್ಲಿದ್ದಾಗ ಪರಿಣಾಮ ಅಷ್ಟಕ್ಕಷ್ಟೆ. ಕೆಲಸ ಮಾಡಿದ ಆ ವಾಕ್ಯದಲ್ಲಿ ನೀತಿಬೋಧೆ ಇರಲಿಲ್ಲ, ಗೆಲುವಿನ ಲೆಕ್ಕಾಚಾರವಿತ್ತು. ಎದುರು ತಂಡದೊಡನೆ ಮಾತಾಡುವ ಚಾಟನ್ನು ತಾನಾಗಿಯೇ ಮುಚ್ಚಿಟ್ಟು, ಬೇಕೆಂದವರು ತೆರೆದುಕೊಳ್ಳಲಿ ಎಂದು ಬಿಟ್ಟಾಗಲೂ ಹಾಗೆಯೇ ಆಯಿತು: ವಾರದೊಳಗೆ ಕೆಟ್ಟ ಮಾತು ಸುಮಾರು ಮೂರನೇ ಒಂದು ಪಾಲು ಇಳಿಯಿತು, ಒಳ್ಳೆಯ ಮಾತು ಸುಮಾರು ಅಷ್ಟೇ ಏರಿತು. ಒಂದು ಗುಂಡಿ ಒತ್ತುವ ಶ್ರಮ ಅಡ್ಡ ಬಂದರೆ ಸಾಕು, ಸಿಟ್ಟು ಇಳಿಯುತ್ತದೆ.

ಶಿಕ್ಷೆಯೇ ಬೇಡವೆಂದು ಇದರ ಅರ್ಥವಲ್ಲ. ಅರ್ನ್ಸ್ಟ್ ಫೆಹ್ರ್ ಮತ್ತು ಸೈಮನ್ ಗ್ಯಾಕ್ಟರ್ 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದ ಪ್ರಯೋಗ ಅಪರಿಚಿತರ ತಂಡಕ್ಕೆ ಹೇಳಿ ಮಾಡಿಸಿದಂತಿದೆ. ನಾಲ್ವರ ಗುಂಪಿನಲ್ಲಿ ಪ್ರತಿಯೊಬ್ಬರಿಗೂ 20 ನಾಣ್ಯ. ಸಾಮೂಹಿಕ ನಿಧಿಗೆ ಒಂದು ಹಾಕಿದರೆ ನಾಲ್ವರಿಗೂ 0.4ರಂತೆ ಮರಳುತ್ತದೆ. ಎಲ್ಲರೂ ಹಾಕಿದರೆ ಎಲ್ಲರಿಗೂ ಲಾಭ, ತಾನು ಹಾಕದೆ ಬೇರೆಯವರ ಹಣದಲ್ಲಿ ಪಾಲು ಪಡೆದರೆ ತನಗೆ ಇನ್ನೂ ಲಾಭ. ಪ್ರತಿ ಸುತ್ತಿಗೂ ಗುಂಪು ಕಲಸಿ, ಯಾರೂ ಯಾರಿಗೂ ಮತ್ತೆ ಸಿಗದಂತೆ ಮಾಡಿದ್ದರು. ಸುತ್ತಿನಿಂದ ಸುತ್ತಿಗೆ ಕೊಡುಗೆ ಕುಸಿಯಿತು. ಆದರೆ ತನ್ನ ಒಂದು ನಾಣ್ಯ ಖರ್ಚು ಮಾಡಿ ಸೋಮಾರಿಯ ಮೂರು ನಾಣ್ಯ ಕಳೆಯಬಹುದು ಎಂಬ ಅವಕಾಶ ಕೊಟ್ಟಾಗ ಮತ್ತೆಂದೂ ನೋಡದವರನ್ನೂ ಜನ ದಂಡಿಸಿದರು, ಕೊಡುಗೆ ಏರಿತು. ಆಟಗಳ ‘ರಿಪೋರ್ಟ್’ ಗುಂಡಿ, ಮತ ಹಾಕಿ ತಂಡದಿಂದ ಹೊರಗಟ್ಟುವ ಸೌಲಭ್ಯ ಇವೆಲ್ಲ ಈ ದಾರಿಯವೇ. ತೊಡಕು ಬರುವುದು ಮುಂದೆ. ಇದೇ ಗ್ಯಾಕ್ಟರ್ ಮತ್ತು ಸಂಗಡಿಗರು 2008ರಲ್ಲಿ ಜಗತ್ತಿನ 16 ನಗರಗಳಲ್ಲಿ ಈ ಆಟ ಆಡಿಸಿದಾಗ, ಕೆಲವೆಡೆ ಹೆಚ್ಚು ಕೊಟ್ಟವರನ್ನೇ ದಂಡಿಸುವವರೂ ಸಾಕಷ್ಟು ಜನ ಇದ್ದರು. ನಾಲ್ವರು ಗೆಳೆಯರು ಸೇರಿ, ಗುಹೆಯ ಕೊನೆಯ ದೈತ್ಯ ಬೀಳುವ ಮುನ್ನ ಐದನೆಯ ಅಪರಿಚಿತನನ್ನು ಮತ ಹಾಕಿ ಹೊರಗಟ್ಟುವುದೂ ಇದೇ ಅಧಿಕಾರದ ಇನ್ನೊಂದು ಮುಖ.

ಅಷ್ಟೆಲ್ಲ ಏಕೆ, ಬೈಯುವವನನ್ನು ಮ್ಯೂಟ್ ಮಾಡಿದರಾಯಿತು ಎನ್ನುವವರಿದ್ದಾರೆ. ಕೊಳಕು ಸುರಿಯುವವನಿಗೆ ಅದು ಸರಿಯಾದ ಮದ್ದೇ. ಆದರೆ ಮ್ಯೂಟ್ ಮಾಡಿದ ಬಾಯಿಂದ ‘ಹಿಂದೆ ನೋಡು’ ಎಂಬ ಎಚ್ಚರಿಕೆಯೂ ಬರುವುದಿಲ್ಲ. ಬೆಲೆ ತೆರುವವನು ಮತ್ತೆ ಬೈಸಿಕೊಂಡವನೇ. ಈ ಬೆಲೆ ಎಲ್ಲರಿಗೂ ಒಂದೇ ಆಗಿಲ್ಲ ಎಂಬುದು ಇನ್ನೂ ಗಂಭೀರ. ಜೆಫ್ರಿ ಕುಜ್ನೆಕಾಫ್ ಮತ್ತು ಲಿಂಡ್ಸೆ ರೋಸ್ ‘ಹೇಲೋ 3’ ಆಟದಲ್ಲಿ ಮೊದಲೇ ಧ್ವನಿಮುದ್ರಿಸಿದ ಅವವೇ ವಾಕ್ಯಗಳನ್ನು ಕೆಲವು ಪಂದ್ಯಗಳಲ್ಲಿ ಗಂಡು ದನಿಯಲ್ಲಿ, ಕೆಲವುಗಳಲ್ಲಿ ಹೆಣ್ಣು ದನಿಯಲ್ಲಿ ಕೇಳಿಸಿದರು. ಹೆಣ್ಣು ದನಿಗೆ ಬಂದ ಕೆಟ್ಟ ಪ್ರತಿಕ್ರಿಯೆ ಸುಮಾರು ಮೂರು ಪಟ್ಟು. 2015ರಲ್ಲಿ ಕುಜ್ನೆಕಾಫ್ ಅವರು ಮೈಕೆಲ್ ಕಸುಮೊವಿಚ್ ಜೊತೆ ಸೇರಿ ಆ ದತ್ತಾಂಶವನ್ನು ಮತ್ತೆ ನೋಡಿದಾಗ, ಹೆಣ್ಣು ದನಿಯ ಮೇಲೆ ಹರಿಹಾಯುವುದರಲ್ಲಿ ಆಟದಲ್ಲಿ ಹಿಂದುಳಿದ ಗಂಡಸರೇ ಮುಂದಿದ್ದರು; ಚೆನ್ನಾಗಿ ಆಡುವವರು ಅಷ್ಟಾಗಿ ಇರಲಿಲ್ಲ. ಇಂಥ ಕಡೆ ಹೆಂಗಸರು ಮೈಕ್ ಮುಚ್ಚಿ ಆಡಿದರೆ ಅಚ್ಚರಿಯೇನು? ಅವರು ಸುಮ್ಮನಾದಾಗ ತಂಡ ಕಳೆದುಕೊಳ್ಳುವುದೂ ಕಡಿಮೆಯಲ್ಲ, ಏಕೆಂದರೆ ತಂಡದ ಬಲ ಒಬ್ಬೊಬ್ಬರ ಜಾಣತನಕ್ಕಿಂತ ಪರಸ್ಪರರನ್ನು ಅರಿಯುವುದರಲ್ಲಿದೆ. ಅನಿತಾ ವೂಲಿ ಮತ್ತು ಸಂಗಡಿಗರು 2010ರಲ್ಲಿ 699 ಜನರನ್ನು ಸಣ್ಣ ಗುಂಪು ಮಾಡಿ ಪರೀಕ್ಷಿಸಿದಾಗ ಗುಂಪಿನ ಜಾಣತನಕ್ಕೂ ಅದರ ಸದಸ್ಯರ ಸರಾಸರಿ ಬುದ್ಧಿಮಟ್ಟಕ್ಕೂ ನಂಟು ಸಡಿಲವಾಗಿತ್ತು. ಇನ್ನೊಬ್ಬರ ಮನಸ್ಸನ್ನು ಕಣ್ಣಲ್ಲಿ ಓದಬಲ್ಲ ಸೂಕ್ಷ್ಮತೆಗೆ ನಂಟು ಬಿಗಿಯಾಗಿತ್ತು. ಈ ಫಲಿತಾಂಶದ ಬಗ್ಗೆ ಸಂಶೋಧಕರಲ್ಲಿ ತಕರಾರುಗಳಿವೆ. ಆದರೂ ಇದೇ ಬಳಗ 2017ರಲ್ಲಿ ‘ಲೀಗ್ ಆಫ್ ಲೆಜೆಂಡ್ಸ್’ನ ತಂಡಗಳನ್ನು ಅಳೆದಾಗ ಸಾಮೂಹಿಕ ಜಾಣತನ ಹೆಚ್ಚಿದ್ದ ತಂಡಗಳು ಪಂದ್ಯಗಳಲ್ಲೂ ಮುಂದಿದ್ದವು. ಅವು ಜೊತೆಯಾಗಿ ಪಳಗಿದ ತಂಡಗಳು. ಗುಂಡಿ ಒತ್ತಿ ಸಿಕ್ಕ ಗುಂಪುಗಳಿಗೆ ಆ ಮಾತನ್ನು ನೇರವಾಗಿ ಹೊಂದಿಸುವಾಗ ಎಚ್ಚರ ಬೇಕು.

ಮನುಷ್ಯರ ಸ್ವಭಾವ ಬದಲಾಗಲೆಂದು ಕಾಯುವ ಬದಲು ಆಟದ ನಿಯಮವನ್ನೇ ಬಾಗಿಸಿದವರಲ್ಲಿ ಜಪಾನಿನ ಸ್ಕ್ವೇರ್ ಎನಿಕ್ಸ್ ಹೆಚ್ಚು ಜಾಣತನ ತೋರಿದೆ ಎನಿಸುತ್ತದೆ. 2013ರಲ್ಲಿ ಹೊಸ ರೂಪ ಪಡೆದ ಅದರ ‘ಫೈನಲ್ ಫ್ಯಾಂಟಸಿ 14’ರಲ್ಲೂ ಗುಂಡಿ ಒತ್ತಿದರೆ ಅಪರಿಚಿತರ ತಂಡ ಸಿಗುತ್ತದೆ. ಆದರೆ ಆ ಗುಹೆಗೆ ಮೊದಲ ಸಲ ಬಂದವನೊಬ್ಬ ತಂಡದಲ್ಲಿದ್ದರೆ ಉಳಿದವರಿಗೂ ಹೆಚ್ಚುವರಿ ಬಹುಮಾನ. ಬೇರೆ ಆಟಗಳಲ್ಲಿ ಹೊರೆಯೆನಿಸುವ ಹೊಸಬ ಇಲ್ಲಿ ತಂಡಕ್ಕೆ ಸಿಕ್ಕ ಲಾಭ. ಅವನು ‘ನಾನು ಹೊಸಬ’ ಎಂದು ಬಾಯಿಬಿಟ್ಟು ಹೇಳಲು ಅಂಜಬೇಕಿಲ್ಲ, ಹೇಳಿದರೆ ಮಾತ್ರ ಉಳಿದವರು ದಾರಿ ತೋರಿಸಲು ಸಾಧ್ಯ. ಕೊನೆಯಲ್ಲಿ ಪ್ರತಿಯೊಬ್ಬರೂ ಜೊತೆಗಾರರಲ್ಲಿ ಒಬ್ಬರಿಗೆ ಮೆಚ್ಚುಗೆ ಕೊಡಬಹುದು, ಆದರೆ ಜೊತೆಗೆ ಕರೆತಂದ ಗೆಳೆಯರಿಗೆ ಕೊಡುವಂತಿಲ್ಲ. ಆಕ್ಸೆಲ್‌ರಾಡ್ ಹೇಳಿದ ಮರುಭೇಟಿಯ ಜಾಗವನ್ನು ಇಲ್ಲಿ ಒಂದು ಸಣ್ಣ ಅಂಕ ತುಂಬಿದೆ: ಆ ಮನುಷ್ಯ ಮತ್ತೆ ಸಿಗದಿದ್ದರೂ ಅವನ ಮೆಚ್ಚುಗೆ ನನ್ನ ಜೊತೆ ಬರುತ್ತದೆ.

ನಮ್ಮಲ್ಲಿ ಬಹುಜನ ಆಡುವ ಬಿಜಿಎಂಐ, ಅಂದರೆ 2021ರ ಜುಲೈನಲ್ಲಿ ಬಂದ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ದಲ್ಲಿ ಅಪರಿಚಿತರೊಡನೆ ಆಡುವುದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ನೂರು ಜನರ ನಡುವೆ ಇಳಿಯುವ ನಾಲ್ವರ ರ‍್ಯಾಂಡಮ್ ಸ್ಕ್ವಾಡ್‌ನಲ್ಲಿ ಒಬ್ಬ ಹುಬ್ಬಳ್ಳಿಯವನು, ಒಬ್ಬ ಪಟ್ನಾದವನು, ಉಳಿದಿಬ್ಬರು ಮಧುರೆ, ಗುವಾಹಟಿಯವರು ಇರಬಹುದು. ಮೈಕ್ ಇದ್ದರೂ ಮಾತು ಹೊಂದುವುದಿಲ್ಲ. ಅಲ್ಲಿ ಸಭ್ಯತೆ ಕಾಣುವುದು ಕೈಯಲ್ಲೇ. ನಾಕ್ ಆಗಿ ತೆವಳುತ್ತಿರುವವನನ್ನು ರಿವೈವ್ ಮಾಡಲು ಹತ್ತು ಸೆಕೆಂಡಿನಷ್ಟು ಹೊತ್ತು ಗುಂಡೇಟಿಗೆ ಮೈಯೊಡ್ಡಿ ಕೂರುವುದು, ಹೆಚ್ಚಾದ ಬ್ಯಾಂಡೇಜನ್ನು ಅವನ ಮುಂದೆ ಹಾಕುವುದು, ಜೀಪಿನ ಚಕ್ರ ಹಿಡಿದವನು ಉಳಿದವರು ಹತ್ತುವವರೆಗೆ ಕಾಯುವುದು. ಅರ್ಧ ಗಂಟೆಯ ಪಂದ್ಯದಲ್ಲಿ ಮೊದಲ ಐದು ನಿಮಿಷದ ಇಂಥ ಒಂದು ನಡೆ, ಉಳಿದ ಹೊತ್ತಿಗೆ ಯಾರನ್ನು ನಂಬಬಹುದೆಂದು ಹೇಳಿಬಿಡುತ್ತದೆ. ಮಾತಿನ ಗೋಡೆಯನ್ನು ದಾಟಿಸುವ ಉಪಾಯವನ್ನು ಚೆನ್ನಾಗಿ ಬೆಳೆಸಿದ್ದು 2019ರ ಫೆಬ್ರವರಿಯಲ್ಲಿ ಬಂದ ‘ಏಪೆಕ್ಸ್ ಲೆಜೆಂಡ್ಸ್’. ಅದರ ಪಿಂಗ್ ವ್ಯವಸ್ಥೆಯಲ್ಲಿ ಒಂದು ಗುಂಡಿಯಿಂದ ಶತ್ರು ಇಲ್ಲಿದ್ದಾನೆ, ಇತ್ತ ಹೋಗೋಣ, ಈ ಬಂದೂಕು ಇಲ್ಲಿದೆ ಎಂದು ಗುರುತಿಸಬಹುದು. ಪಾತ್ರವೇ ಅದನ್ನು ಜೊತೆಗಾರರಿಗೆ ಬಾಯಿಬಿಟ್ಟು ಹೇಳುತ್ತದೆ. ಜೊತೆಗಾರ ತೋರಿಸಿದ ವಸ್ತುವಿಗೆ ‘ಅದು ನನಗಿರಲಿ’ ಎನ್ನುವುದೂ, ತೆಗೆದುಕೊಂಡ ಮೇಲೆ ‘ಥ್ಯಾಂಕ್ಸ್’ ಎನ್ನುವುದೂ ಅದೇ ಗುಂಡಿಯ ಕೆಲಸ. ಶತ್ರುವಿನ ಸುಳಿವನ್ನೂ ಕೃತಜ್ಞತೆಯನ್ನೂ ವಿನ್ಯಾಸಕಾರರು ಒಂದೇ ಸಲಕರಣೆಯೊಳಗೆ ಇಟ್ಟದ್ದು ಸೌಜನ್ಯದ ಪ್ರದರ್ಶನಕ್ಕಲ್ಲ. ಲೂಟ್ ಹಂಚಿಕೆಯ ಜಗಳ ಅಪರಿಚಿತರ ತಂಡವನ್ನು ಎಷ್ಟು ಬೇಗ ಒಡೆಯುತ್ತದೆಂದು ಬಲ್ಲವರ ಕೆಲಸ ಅದು. ಕೆಲವೇ ವಾರಗಳಲ್ಲಿ ‘ಫೋರ್ಟ್‌ನೈಟ್’ ಅಂಥದ್ದೇ ಸೌಲಭ್ಯ ತಂದಿತು. ಆಟದ ಪ್ರಕಾಶಕ ಕಂಪನಿ ಇಎ 2021ರ ಆಗಸ್ಟ್‌ನಲ್ಲಿ ಈ ವ್ಯವಸ್ಥೆಯ ಪೇಟೆಂಟನ್ನು, ಕಿವಿ ಕೇಳದವರಿಗೂ ಮಾತಾಡಲಾಗದವರಿಗೂ ಇದರಿಂದ ಅನುಕೂಲವೆಂದು, ಬೇರೆ ಆಟ ತಯಾರಕರು ಹಣ ಕೊಡದೆ ಬಳಸಿಕೊಳ್ಳಲು ಬಿಟ್ಟುಕೊಟ್ಟಿತು.